ನಮ್ಮ ಕೆರೆಯ ತೆಪ್ಪೋತ್ಸವ ನಡೆದು ಬಂದ ದಾರಿ



ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಲೇಬೇಕೆಂದು ಸಂಪಾದಕ ಸಮಿತಿಯವರು ಒತ್ತಾಯ ಮಾಡಿದರು. ಎಸ್.ಎಸ್.ಎಲ್.ಸಿ.ಗೆ ಓದು ನಿಲ್ಲಿಸಿ ನೇಗಿಲು ಹಿಡಿದ ನಮಗೆ ಬರವಣಿಗೆ ದೂರದ ಮಾತು. ಹಾಲಿನ ಲೆಕ್ಕ, ಬೋನಸ್ಸಿನ ಲೆಕ್ಕ, ಕಟ್ಟಡದ ಲೆಕ್ಕ ಎಲ್ಲವನ್ನೂ ಕಾರ್ಯದರ್ಶಿಗಳು ಬೇರೆ ಪುಟದಲ್ಲಿ ಬರೆದಿದ್ದಾರೆ. ಆದ್ದರಿಂದ ನಾವು ಕಡೇ ಕಾರ್ತಿಕ ಸೋಮವಾರದ ತೆಪ್ಪೋತ್ಸವದ ವಿಚಾರ ಬರೆಯೋಣ ಅಂದುಕೊಂಡೆವು. ಡೈರಿಗೂ ತೆಪ್ಪಕ್ಕೂ ಏನು ಸಂಬಂಧ ಎಂದು ಕೇಳುವವರು ಕೊನೆಯವರೆಗೆ ಓದಬೇಕೆಂದು ಕೋರಿಕೆ.

ತೆಪ್ಪೋತ್ಸವ ನಮ್ಮೂರಿನದೊಂದೇ ಅಲ್ಲ. ಮೇಲುಕೋಟೆಯಲ್ಲಿ ವೈರಮುಡಿ ಬ್ರಹ್ಮೋತ್ಸವದ ಕಾಲಕ್ಕೆ ಕಲ್ಯಾಣಿಯಲ್ಲಿ ಚೆಲುವನಾರಾಯಣಸ್ವಾಮಿಗೆ ತೆಪ್ಪ ಆಗುತ್ತದೆ. ನಂಜನಗೂಡಿನ ದೊಡ್ಡ ಜಾತ್ರೆಯಲ್ಲಿ ತೇರು ಮುಗಿದ ಮೇಲೆ ಕಪಿಲಾ ನದಿಯಲ್ಲಿ ತೆಪ್ಪ. ದಸರಾ ಮುಗಿದ ಮೇಲೆ ಚಾಮುಂಡಿ ಬೆಟ್ಟದ ದೇವಿಕೆರೆಯಲ್ಲಿ, ಉಡುಪಿಯ ಲಕ್ಷದೀಪೋತ್ಸವದಲ್ಲಿ ಮಧ್ವಸರೋವರದಲ್ಲಿ, ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆಯಲ್ಲಿ ತುಂಗಾ ನದಿಯಲ್ಲಿ ತೆಪ್ಪೋತ್ಸವ ನಡೆಯುತ್ತದೆ. ತಮಿಳು ಸೀಮೆಯ ಮಧುರೆಯಲ್ಲಿ ತಿರುಮಲ ನಾಯಕ ಹದಿನೇಳನೇ ಶತಮಾನದಲ್ಲಿ ತೋಡಿಸಿದ ದೊಡ್ಡ ತೆಪ್ಪಕೊಳವೇ ಇದೆ.

ಇವುಗಳಲ್ಲಿ ಎರಡು ಬಗೆ ಇರುವುದನ್ನು ಗಮನಿಸಬೇಕು. ಒಂದು, ನಿಂತ ನೀರಿನ ಕೊಳ. ಸುತ್ತ ಕಲ್ಲಿನ ಮೆಟ್ಟಿಲು, ಆಳ ಎಷ್ಟೆಂದು ಎಲ್ಲರಿಗೂ ಗೊತ್ತು. ಮಧುರೆಯಲ್ಲಿ ತೆಪ್ಪಕ್ಕೆ ಹಗ್ಗ ಕಟ್ಟಿ ದಡದಲ್ಲಿ ನಿಂತ ಜನರೇ ಎಳೆಯುತ್ತಾರೆ. ಅಂದರೆ ತೆಪ್ಪ ನೀರಿನಲ್ಲಿದ್ದರೂ ಅದರ ಮೂಗುದಾರ ನೆಲದ ಮೇಲಿದೆ. ಇನ್ನೊಂದು ಹರಿಯುವ ನದಿ. ಅಲ್ಲಿ ಸೆಳವಿದೆ, ಮರಳು ಜರುಗುತ್ತದೆ, ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟರೆ ಮಟ್ಟ ಏರುತ್ತದೆ. ನಮ್ಮ ಕೆರೆ ಇವೆರಡರ ನಡುವಿನದು. ನೋಡುವುದಕ್ಕೆ ನಿಂತ ನೀರು, ಆದರೆ ಕೋಡಿ ಬಿದ್ದಾಗ ಆ ಕಡೆಗೆ ಸೆಳೆತ ಇರುತ್ತದೆ. ಏರಿಯ ಕಡೆ ಆಳ, ಒಳಗೆರೆಯ ಕಡೆ ತೆಳು. ನಡುವೆ ಏನಿದೆ ಅನ್ನೋದು ಮೀನು ಹಿಡಿಯುವವರಿಗೆ ಮಾತ್ರ ಗೊತ್ತು.

ಹರಿಗೋಲಿನ ಕಥೆಯೂ ಹಳೆಯದು. ಕೃಷ್ಣದೇವರಾಯನ ಕಾಲದಲ್ಲಿ, ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸರ ಡೊಮಿಂಗೊ ಪಾಯೆಸ್ ಎಂಬಾತ ಆನೆಗೊಂದಿಯ ಹತ್ತಿರ ಹೊಳೆ ದಾಟಿಸುವ ಹರಿಗೋಲುಗಳನ್ನು ಕಂಡು ಬರೆದಿಟ್ಟಿದ್ದಾನೆ. ಬುಟ್ಟಿಯ ಹಾಗೆ ದುಂಡಗಿರುತ್ತವೆ, ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದು ಇಪ್ಪತ್ತು ಜನರನ್ನು ಹೊರುತ್ತವೆ, ನೆಟ್ಟಗೆ ಹೋಗದೆ ಸುತ್ತುತ್ತಲೇ ಇರುತ್ತವೆ ಎಂಬುದು ಆತನ ವರ್ಣನೆಯ ಸಾರ. ಐನೂರು ವರ್ಷ ಆಯಿತು, ಹರಿಗೋಲು ಇಂದಿಗೂ ಸುತ್ತುತ್ತಲೇ ಇದೆ. ಚರ್ಮ ಹೋಗಿ ಟಾರು ಬಳಿದ ಪ್ಲಾಸ್ಟಿಕ್ ಚೀಲ ಬಂದಿದೆ, ಅಷ್ಟೇ. ನಮ್ಮ ಕೆರೆಯ ಮೀನಿನ ಹರಿಗೋಲು ಪಾಯೆಸ್ ಕಂಡದ್ದಕ್ಕಿಂತ ಬಹಳ ಚಿಕ್ಕದು. ನಾಲ್ಕು ಜನ ಕೂತರೆ ಸರಿ, ಐದನೆಯವನು ಹತ್ತಿದರೆ ಎಲ್ಲರ ಎದೆ ಡವಡವ.

ನಮ್ಮೂರ ಹಿರಿಯರು ಹೇಳುವ ಪ್ರಕಾರ ಮೊದಮೊದಲು ತೆಪ್ಪ ಅಂದರೆ ಬಾಳೆದಿಂಡು ಮತ್ತು ಬಿದಿರು ಸೇರಿಸಿ ಕಟ್ಟಿದ್ದು. ಅದರ ಮೇಲೆ ಈಶ್ವರನ ಉತ್ಸವಮೂರ್ತಿ, ಅರ್ಚಕರು, ಇಬ್ಬರು ಆಳು. ಬಾಳೆದಿಂಡಿಗೆ ಚುಚ್ಚಿದ ಹಣತೆಗಳು. ಸೋಪಾನದ ಹತ್ತಿರದಿಂದ ಹಗ್ಗ ಹಿಡಿದು ಬಿಡುತ್ತಿದ್ದರು, ಎಳೆಯುತ್ತಿದ್ದರು. ಆಮೇಲೆ ನಾಲ್ಕು ಹರಿಗೋಲು ಜೋಡಿಸಿ ಮೇಲೆ ಹಲಗೆ ಹಾಸಿ ತೆಪ್ಪ ಮಾಡಿದರು. ಬೀದಿಗೊಂದರಂತೆ ಹರಿಗೋಲಿಗೆ ದೀಪ ಕಟ್ಟಿ ತೆಪ್ಪದ ಹಿಂದೆ ಸಾಲಾಗಿ ಹೋಗುವ ಪದ್ಧತಿ ಬಂತು. ಬೆಳಕಿನ ದೋಣಿಗಳ ಮೆರವಣಿಗೆ ಎಂದು ಈಗ ಕರಪತ್ರದಲ್ಲಿ ಹಾಕುತ್ತೇವಲ್ಲ, ಅದು ಇದೇ.

ಹಳಬರ ಕಟ್ಟುಪಾಡುಗಳನ್ನು ನೆನೆದರೆ ಆಶ್ಚರ್ಯವಾಗುತ್ತದೆ. ಒದ್ದೆ ಬಟ್ಟೆಯಲ್ಲಿ ಮಡಿಯಾಗಿ ಬಂದವರು ಮಾತ್ರ ತೆಪ್ಪ ಹತ್ತಬೇಕು. ಕಾರ್ತಿಕದ ಚಳಿಯಲ್ಲಿ ಒದ್ದೆ ಬಟ್ಟೆ ಉಡುವವರು ಎಷ್ಟು ಜನ? ತಾನೇ ತಾನಾಗಿ ಜನ ಕಡಿಮೆ. ತೆಪ್ಪ ಮತ್ತು ಹಿಂದಿನ ಹರಿಗೋಲುಗಳೆಲ್ಲ ಪ್ರದಕ್ಷಿಣೆಯಾಗಿಯೇ ಹೋಗಬೇಕು, ಅಪ್ರದಕ್ಷಿಣೆ ಕೂಡದು. ಅಂದರೆ ಎಲ್ಲ ದೋಣಿಗೂ ಎಡಕ್ಕೆ ದಡ, ಬಲಕ್ಕೆ ಕೆರೆಯ ನಡು. ಎದುರುಬದುರು ಬರುವ ಪ್ರಶ್ನೆಯೇ ಇಲ್ಲ. ಪೇಟೆಯಲ್ಲಿ ಒನ್ ವೇ ಅಂತ ಬೋರ್ಡು ಹಾಕುತ್ತಾರಲ್ಲ, ಅದೇ. ದೇವರಿಗಿಂತ ಮುಂದೆ ಯಾರೂ ಹೋಗಕೂಡದು. ಕೊಂಬು ಒಂದು ಸಲ ಊದಿದರೆ ಹೊರಡು, ಎರಡು ಸಲ ಊದಿದರೆ ನಿಲ್ಲು. ಬಾಣ ಬಿರುಸು ಏನಿದ್ದರೂ ದೇವರು ಗುಡಿ ಸೇರಿದ ಮೇಲೆ. ಇದನ್ನೆಲ್ಲ ಹಿರಿಯರು ಜೀವದ ಮೇಲಿನ ಕಾಳಜಿಯಿಂದ ಮಾಡಿದರೋ, ಶಾಸ್ತ್ರವೆಂದು ಮಾಡಿದರೋ, ಬಲ್ಲವರು ಹೇಳಬೇಕು. ನಮ್ಮ ಅಭಿಪ್ರಾಯದಲ್ಲಿ ಯಾವ ಉದ್ದೇಶದಿಂದ ಮಾಡಿದ್ದರೂ ಫಲ ಒಂದೇ.

ಬೆಳಕಿನ ವಿಚಾರಕ್ಕೆ ಬರೋಣ. ಶಿವನಸಮುದ್ರದಲ್ಲಿ 1902ರಲ್ಲಿ ವಿದ್ಯುತ್ ತಯಾರಾಗಿ ಕೋಲಾರದ ಚಿನ್ನದ ಗಣಿಗೆ ಹೋಯಿತು. 1905ರಲ್ಲಿ ಬೆಂಗಳೂರಿಗೆ, 1908ರಲ್ಲಿ ಮೈಸೂರಿಗೆ ದೀಪ ಬಂತು. ಹಳ್ಳಿಗಳಿಗೆ ಬರುವುದಕ್ಕೆ ಇನ್ನೂ ಬಹಳ ವರ್ಷ ಹಿಡಿಯಿತು, ಅಲ್ಲಿಯವರೆಗೆ ಪಂಜು, ಹಣತೆ, ಆಮೇಲೆ ಗ್ಯಾಸ್ ಲೈಟು. ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇವೆ. ನಮ್ಮೂರ ಹುಡುಗ ಒಬ್ಬ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದಾನೆ. ಅಲ್ಲಿ ನ್ಯೂಪೋರ್ಟ್ ಬೀಚ್ ಎಂಬ ಊರಿನಲ್ಲಿ ಕ್ರಿಸ್ಮಸ್ಸಿಗೆ ದೀಪದ ದೋಣಿ ಮೆರವಣಿಗೆ ಆಗುತ್ತದಂತೆ. ಅದು ಶುರುವಾದದ್ದೂ 1908ರಲ್ಲೇ, ಒಂದು ಗೊಂಡೋಲ ಮತ್ತು ಎಂಟು ಸಣ್ಣ ದೋಣಿಗೆ ಕಾಗದದ ಲಾಟೀನು ಕಟ್ಟಿಕೊಂಡು. ಅಲಂಕಾರದ ದೀಪ ಎಷ್ಟಾದರೂ ಇರಲಿ, ದೋಣಿಯ ಎಡಕ್ಕೆ ಕೆಂಪು, ಬಲಕ್ಕೆ ಹಸಿರು ದೀಪ ಬೇರೆಯಾಗಿಯೇ ಕಾಣಬೇಕು ಅನ್ನೋದು ನೀರಿನ ಮೇಲೆ ಓಡಾಡುವವರ ಕಾನೂನು. ಕತ್ತಲಲ್ಲಿ ಎದುರಿನ ದೋಣಿ ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯುವುದು ಅದರಿಂದಲೇ. ಈ ಮಾತನ್ನು ಆ ಹುಡುಗ ರಜಕ್ಕೆ ಬಂದಾಗ ಹೇಳಿದ. ಅವನ ಬಾಯಲ್ಲಿ ಕೇಳಿ ತಲೆದೂಗಿದ ನಾವು, ಅದೇ ಅರ್ಥದ ಮಾತನ್ನು ನಮ್ಮ ಬೆಸ್ತರ ಬೀದಿಯ ತಾತ ಮೂವತ್ತು ವರ್ಷದಿಂದ ಹೇಳುತ್ತಿದ್ದರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಆ ತಾತನ ಹೆಸರನ್ನು ಇಲ್ಲಿ ಬರೆಯುವ ಆಸೆ ಇತ್ತು. ಅವರ ಮನೆಯವರು ಬೇಡ ಎಂದಿದ್ದಾರೆ. ಗಳ ಹಿಡಿದು ಕೆರೆಗೆ ಇಳಿದರೆ ಯಾವ ಜಾಗದಲ್ಲಿ ಎಷ್ಟು ಮೊಳ ನೀರು ಅನ್ನೋದನ್ನು ನೋಡದೆ ಹೇಳುತ್ತಿದ್ದರು. ತೆಪ್ಪೋತ್ಸವದ ಜವಾಬ್ದಾರಿ ಅವರ ಅಪ್ಪನ ಕಾಲದಿಂದ ಅವರ ಮನೆಯದೇ. ಆದರೆ ಉತ್ಸವ ಸಮಿತಿಯಲ್ಲಿ ಅವರು ಯಾವತ್ತೂ ಇರಲಿಲ್ಲ. ಆಹ್ವಾನ ಪತ್ರಿಕೆಯಲ್ಲಿ ಪಟಾಕಿ ಕೊಡಿಸಿದವರ ಹೆಸರು ಇರುತ್ತಿತ್ತು, ಗಳ ಹಾಕುವವರ ಹೆಸರು ಇರುತ್ತಿರಲಿಲ್ಲ. ಅದು ತಪ್ಪು ಎಂದು ನಮಗೆ ಆಗ ಹೊಳೆದಿರಲಿಲ್ಲ ಎಂಬುದನ್ನು ಒಪ್ಪಿಕೊಳ್ಳುತ್ತೇವೆ.

2009ನೇ ಇಸವಿ. ನಾವು ಸಂಘಕ್ಕೆ ಹೊಸದಾಗಿ ನಿರ್ದೇಶಕರಾಗಿ ಆರಿಸಿ ಬಂದಿದ್ದೆವು. ಮೂವತ್ತರ ವಯಸ್ಸು, ಬಿಳೀ ಪಂಚೆ, ಹೆಗಲ ಮೇಲೆ ಟವಲು. ಆ ವರ್ಷ ಸಮಿತಿಯವರು ಹರಿಗೋಲು ಜೋಡಿಸುವುದು ಬೇಡ, ಪೇಟೆಯ ಹಾಗೆ ಮಾಡೋಣ ಎಂದು 24 ಡ್ರಮ್ಮುಗಳ ಮೇಲೆ ಬಿದಿರು, ಹಲಗೆ ಹಾಸಿ ದೊಡ್ಡ ತೆಪ್ಪ ಕಟ್ಟಿಸಿದ್ದರು. ಮೇಲೆ ಮಂಟಪ, ಮಂಟಪಕ್ಕೆ ಸಾವಿರಾರು ಸೀರಿಯಲ್ ದೀಪ. ಅದಕ್ಕೆ ಕರೆಂಟು ಎಲ್ಲಿಂದ? ಬಾಡಿಗೆ ಜನರೇಟರನ್ನು ತೆಪ್ಪದ ಮೇಲೇ ಕೂರಿಸಿದರು. ದೇವರು ಕೂತ ಮೇಲೆ ಯಜಮಾನರು ಹತ್ತಿದರು, ಸಮಿತಿಯವರು ಹತ್ತಿದರು, ಅವರ ಮೊಮ್ಮಕ್ಕಳು ಹತ್ತಿದರು, ದೇಣಿಗೆ ಕೊಟ್ಟವರು ಹತ್ತಿದರು. ಹೊಸ ನಿರ್ದೇಶಕರು ಬಿಟ್ಟಾರೆಯೇ, ನಾವೂ ಹತ್ತಿದೆವು.

ತಾತ ಸೋಪಾನದ ಮೇಲೆ ಗಳ ಊರಿಕೊಂಡು ನಿಂತಿದ್ದರು. "ಹನ್ನೊಂದು ಜನಕ್ಕಿಂತ ಒಬ್ರು ಜಾಸ್ತಿ ಹತ್ತುದ್ರೂ ನಾನು ಗಳ ಹಾಕಾಕಿಲ್ಲ ಕಣ್ರಪ್ಪಾ. ದೇವ್ರ ಹಿಡಿಯೋರು ನಾಕು, ಅಯ್ನೋರು ಒಬ್ರು, ವಾದ್ಯದೋರು ಇಬ್ರು, ಗಳದೋರು ನಾಕು. ಮಿಕ್ಕೋರು ಇಳೀರಿ" ಅಂದರು. ಯಾರೂ ಇಳಿಯಲಿಲ್ಲ. "ಏನೂ ಆಗಲ್ಲ ಬಾ ತಾತ, ಡ್ರಮ್ಮು ಮುಳುಗ್ತದಾ?" ಎಂದು ಒಬ್ಬರು ನಕ್ಕರು. ಹಾಗೆ ಅಂದವರು ನಾವೇ. ತಾತ ನಮ್ಮ ಮುಖ ನೋಡಿ, ಗಳವನ್ನು ಮಗನ ಕೈಗೆ ಕೊಟ್ಟು, ತಾವು ತಮ್ಮ ಮೀನಿನ ಹರಿಗೋಲಿಗೆ ಹತ್ತಿ ಒಬ್ಬರೇ ತೆಪ್ಪದ ಹಿಂದೆ ಬಂದರು. ಅವರು ಹಾಗೆ ಬಂದದ್ದೇ ಊರಿನ ಪುಣ್ಯ.

ತೆಪ್ಪದಲ್ಲಿ 38 ಜನ ಇದ್ದೆವು. ಆಮೇಲೆ ಎಣಿಸಿದ್ದು. ಹಿಂದೆ ದೀಪ ಕಟ್ಟಿದ ಏಳು ಹರಿಗೋಲು. ಒಂದು ಸುತ್ತು ಚೆನ್ನಾಗಿಯೇ ಆಯಿತು. ಎರಡನೇ ಸುತ್ತಿನಲ್ಲಿ ತೆಪ್ಪ ಏರಿಯ ಮಗ್ಗುಲಿಗೆ ಬಂದಾಗ ಹುಡುಗರು ಏರಿಯ ಮೇಲೆ ಬಾಣ ಬಿರುಸು ಹಚ್ಚಿಬಿಟ್ಟರು. ಹಳೇ ಕಟ್ಟುಪಾಡು ಎಲ್ಲಿ ಉಳಿದಿತ್ತು? ತೆಪ್ಪದ ಮೇಲಿದ್ದ ಜನವೆಲ್ಲ ನೋಡುವುದಕ್ಕೆ ಆ ಕಡೆಗೇ ಸರಿದರು. ನಮ್ಮ ಪಾದ ಒದ್ದೆಯಾಯಿತು, ಆಮೇಲೆ ಮೊಣಕಾಲು. ಜನರೇಟರ್ ಜಾರಿಕೊಂಡು ಬಂದು ನೀರು ಕುಡಿದು ನಿಂತಿತು. ಒಂದೇ ಸಲ ಕತ್ತಲೆ. ಕಡೇ ಸೋಮವಾರ ಅಂದರೆ ಅಮಾವಾಸ್ಯೆಯ ಮಗ್ಗುಲು, ಬೆಳದಿಂಗಳ ಮಾತಿಲ್ಲ. ಅಷ್ಟು ಹೊತ್ತು ಝಗಝಗ ನೋಡಿದ ಕಣ್ಣಿಗೆ ಏನೂ ಕಾಣಲಿಲ್ಲ. ಹೆಂಗಸರು ಮಕ್ಕಳು ಕೂಗಿದ್ದು ಏರಿಯ ಮೇಲಿನವರಿಗೆ ಜಯಕಾರದ ಹಾಗೆ ಕೇಳಿಸಿತಂತೆ. ತಮಟೆ ಇನ್ನೂ ಜೋರಾಯಿತು.

ನಮಗೆ ಸಹಾಯ ಮಾಡೋಣ ಎಂದು ಹಿಂದಿನ ಏಳು ಹರಿಗೋಲೂ ಒಂದೇ ಸಲ ತಿರುಗಿ ನುಗ್ಗಿದವು. ಒಂದಕ್ಕೊಂದು ಗುದ್ದಿದವು. ಅದರಲ್ಲಿ ಒಂದು ಮಗುಚಿ ಏಳನೇ ಕ್ಲಾಸಿನ ಒಬ್ಬ ಹುಡುಗ ನೀರಿಗೆ ಬಿದ್ದ. ಆ ಜಾಗದಲ್ಲಿ ಸೊಂಟದ ಮಟ್ಟ ನೀರು ಎಂದೇ ನಾವೆಲ್ಲ ತಿಳಿದಿದ್ದೆವು. ಹಿಂದಿನ ಬೇಸಿಗೆಯಲ್ಲಿ ಇಟ್ಟಿಗೆ ಗೂಡಿಗೆಂದು ಅಲ್ಲಿ ಮಣ್ಣು ತೆಗೆದಿದ್ದರು, ಎರಡಾಳು ಗುಂಡಿ. ಅದು ತಾತನಿಗೆ ಗೊತ್ತಿತ್ತು. ಅವರು ದೀಪವಿಲ್ಲದ ತಮ್ಮ ಹರಿಗೋಲಿನಲ್ಲಿ ಇದ್ದುದರಿಂದ ಕತ್ತಲು ಅವರಿಗೆ ಹೊಸದಾಗಿರಲಿಲ್ಲ. ನೀರಿನ ಗುಳುಗುಳು ಸದ್ದು ಹಿಡಿದು ಹೋಗಿ, ಎರಡನೇ ಸಲ ಕೈ ಹಾಕಿದಾಗ ಹುಡುಗನ ಜುಟ್ಟು ಸಿಕ್ಕಿತು. ಹುಡುಗ ಉಳಿದ. ತೆಪ್ಪದ ಮೇಲಿದ್ದವರನ್ನು ಕೂತಲ್ಲೇ ಕೂರಿಸಿ, ತಾತನ ಮಗ ಮತ್ತು ಗಳದವರು ಹೇಗೋ ದಡಕ್ಕೆ ತಂದರು. ದೇವರನ್ನು ತಬ್ಬಿಕೊಂಡು ಕೂತ ಅರ್ಚಕರು ಕೊನೆಯಲ್ಲಿ ಇಳಿದರು. ಆ ಹುಡುಗ ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ಹಬ್ಬಕ್ಕೆ ಬರುತ್ತಾನೆ, ತೆಪ್ಪೋತ್ಸವಕ್ಕೆ ಬರುವುದಿಲ್ಲ.

ಆ ರಾತ್ರಿ ನಿದ್ದೆ ಬರಲಿಲ್ಲ. ಹಾಲಿನ ಪಾಸ್ ಪುಸ್ತಕದ ಹಿಂದಿನ ರಟ್ಟಿನ ಮೇಲೆ ನಾವು ಒಂದು ಲೆಕ್ಕ ಹಾಕಿದೆವು. ಒಂದು ಲೀಟರ್ ನೀರು ಒಂದು ಕಿಲೋ. 200 ಲೀಟರಿನ ಖಾಲಿ ಡ್ರಮ್ಮು, ಅದರ ಸ್ವಂತ ತೂಕ 20 ಕಿಲೋ ಕಳೆದರೆ, 180 ಕಿಲೋ ಹೊರುತ್ತದೆ. 24 ಡ್ರಮ್ಮಿಗೆ 4,320 ಕಿಲೋ. ಹಲಗೆ ಮಂಟಪ ಸುಮಾರು 700, ಜನರೇಟರ್ 250, ಆಳಿಗೆ 65ರಂತೆ 38 ಜನಕ್ಕೆ 2,470. ಒಟ್ಟು 3,420. ಹಾಗಾದರೆ ಇನ್ನೂ 900 ಕಿಲೋ ಮಿಕ್ಕಿದೆಯಲ್ಲ, ಯಾಕೆ ಮುಳುಗಿತು? ಆಗ ತಿಳಿಯಿತು. ಜನವೆಲ್ಲ ಒಂದು ಮಗ್ಗುಲಿಗೆ ಸರಿದಾಗ ಹೊರುವುದು 24 ಡ್ರಮ್ಮಲ್ಲ, ಆ ಮಗ್ಗುಲಿನ 12 ಡ್ರಮ್ಮು ಮಾತ್ರ. ಅವು ತಡೆಯುವುದು 2,160 ಕಿಲೋ. ಅದರ ಮೇಲೆ ಬಿದ್ದದ್ದು ಜನದ 2,470, ಮಿಕ್ಕ ಸಾಮಾನಿನ ಅರ್ಧ 475, ಒಟ್ಟು ಮೂರು ಸಾವಿರದ ಹತ್ತಿರ. ಕಬ್ಬಿನ ಗಾಡಿಯಲ್ಲಿ ಒಂದೇ ಮಗ್ಗುಲಿಗೆ ಹೇರಿದರೆ ಏನಾಗುತ್ತದೆ ಎಂದು ಎಳೇ ಹುಡುಗನಿಗೂ ಗೊತ್ತು. ನೀರಿನ ಮೇಲೆ ಮಾತ್ರ ನಮಗೆ ಮರೆತುಹೋಗಿತ್ತು. ಆಮೇಲೆ ತಾತನ ಹನ್ನೊಂದು ಜನದ ಲೆಕ್ಕ ಹಾಕಿದೆವು. ಜನರೇಟರ್ ಇಲ್ಲದೆ, ಹನ್ನೊಂದು ಜನವೂ ಒಂದೇ ಮಗ್ಗುಲಿಗೆ ಓಡಿದರೂ ಬೀಳುವ ಭಾರ ಸುಮಾರು 1,065 ಕಿಲೋ. 12 ಡ್ರಮ್ಮು ತಡೆಯುವುದರಲ್ಲಿ ಅರ್ಧ. ಓದು ಬರದ ಮನುಷ್ಯನಿಗೆ ಆ ಹನ್ನೊಂದು ಎಲ್ಲಿಂದ ಬಂತೋ, ಎಸ್.ಎಸ್.ಎಲ್.ಸಿ. ಮಾಡಿದ ನಾವು ರಾತ್ರಿಯೆಲ್ಲ ಕೂತು ಅಲ್ಲಿಗೇ ಬಂದು ನಿಂತೆವು.

ಬೆಳಗ್ಗೆ ಹಾಲು ಹಾಕಲು ಬಂದವರೆಲ್ಲ ಡೈರಿಯ ಮುಂದೆ ನಿಂತೇ ಇದ್ದರು. ತೆಪ್ಪೋತ್ಸವವೇ ಬೇಡ ಎಂದರು ಕೆಲವರು. ದೇವರ ಕಾರ್ಯ ನಿಲ್ಲಿಸಿದರೆ ಊರಿಗೆ ಒಳ್ಳೆಯದಲ್ಲ ಎಂದರು ಇನ್ನು ಕೆಲವರು. ಮಾತು ಬೆಳೆದು ಬೀದಿ ಬೀದಿಗೆ ಮನಸ್ತಾಪ ಆಗುವ ಹಾಗಿತ್ತು. ಊರಿನಲ್ಲಿ ಎಲ್ಲ ಬೀದಿಯವರೂ ದಿನಕ್ಕೆರಡು ಸಲ ಸಾಲಾಗಿ ನಿಲ್ಲುವ ಜಾಗ ಅಂದರೆ ಡೈರಿ ಒಂದೇ. ಆದ್ದರಿಂದ ಸಭೆಯೂ ಅಲ್ಲೇ ಆಗಲಿ ಎಂದು ಅಧ್ಯಕ್ಷರು ಹೇಳಿದರು. ತಾತನನ್ನು ಕರೆಸಿ ಕುರ್ಚಿಯ ಮೇಲೆ ಕೂರಿಸಿದೆವು. ಅವರು ಕೂರಲಿಲ್ಲ, ಕಂಬಕ್ಕೆ ಒರಗಿ ನಿಂತೇ ಮಾತಾಡಿದರು. ನಾವು ಎದ್ದು "ತಪ್ಪು ನಮ್ಮದು ತಾತ" ಎಂದೆವು. "ಅದೆಲ್ಲ ಇರ್ಲಿ ಮಗಾ. ನೆಲದ್ ಮ್ಯಾಲೆ ನೀವೆಲ್ಲ ಕೈ ಎತ್ತಿ ತೀರ್ಮಾನ ಮಾಡ್ಕಳಿ. ನೀರಿಗಿಳಿದ್ ಮ್ಯಾಲೆ ಒಬ್ರೇ ಹೇಳ್ಬೇಕು, ಮಿಕ್ಕೋರು ಕೇಳ್ಬೇಕು" ಎಂದರು. ಸಹಕಾರ ಸಂಘದಲ್ಲಿ ಒಬ್ಬ ಸದಸ್ಯನಿಗೆ ಒಂದು ಓಟು, ನೂರು ಲೀಟರ್ ಹಾಕುವವನಿಗೂ ಒಂದೇ, ಎರಡು ಲೀಟರ್ ಹಾಕುವವನಿಗೂ ಒಂದೇ. ಆ ಓಟಿನಿಂದಲೇ ಅವತ್ತು ಠರಾವು ಆಯಿತು. ತೆಪ್ಪ ಸೋಪಾನ ಬಿಟ್ಟ ಕ್ಷಣದಿಂದ ಮತ್ತೆ ಮುಟ್ಟುವವರೆಗೆ ಗಳದ ಯಜಮಾನನ ಮಾತೇ ಅಂತಿಮ. ಅಧ್ಯಕ್ಷರು, ದಾನಿಗಳು, ಶಾಸಕರು ಬಂದರೆ ಶಾಸಕರು, ಯಾರೇ ಆಗಲಿ.

ಬಾಯಲ್ಲಿ ಠರಾವು ಸುಲಭ, ನಡೆಸುವುದು ಕಷ್ಟ. ಮೊದಲು ದುಡ್ಡು. ಸಂಘದ ಹಣ ಹಬ್ಬಕ್ಕೆ ಖರ್ಚು ಮಾಡಿದರೆ ಆಡಿಟ್‌ನವರಿಗೆ ಏನು ಹೇಳೋದು ಎಂದು ಕಾರ್ಯದರ್ಶಿಗಳು ಹೆದರಿದರು. ಸರಿಯಾದ ಹೆದರಿಕೆಯೇ. ಕೊನೆಗೆ ಸದಸ್ಯರೇ ಒಂದು ಹೊತ್ತಿನ ಹಾಲಿನ ದುಡ್ಡು ಬಿಟ್ಟುಕೊಟ್ಟರು. ಅದರಲ್ಲಿ ಲೈಫ್ ಜಾಕೆಟ್ ತಂದೆವು. ದೇವರ ಮುಂದೆ ಕಿತ್ತಲೆ ಬಣ್ಣದ ಅಂಗಿ ಹಾಕಿಕೊಳ್ಳೋದಾ ಎಂದು ವಾದ್ಯದವರು ಮೊದಲ ವರ್ಷ ಮುಖ ಕಿವುಚಿದರು. ಅರ್ಚಕರು ತಾವೇ ಮೊದಲು ಹಾಕಿಕೊಂಡರು, ಅಲ್ಲಿಗೆ ಮುಗಿಯಿತು.

ಎರಡನೆಯದು ತೂಕದ ಪರೀಕ್ಷೆ. ಉತ್ಸವದ ಹಿಂದಿನ ದಿನ ಹಗಲಿನಲ್ಲಿ ತೆಪ್ಪಕ್ಕೆ ಡೈರಿಯಿಂದ ಪಶು ಆಹಾರದ ಮೂಟೆ ತಂದು ಪೇರಿಸುತ್ತೇವೆ, ಮೂಟೆಗೆ 50 ಕಿಲೋ. ಹನ್ನೊಂದು ಜನದ ತೂಕಕ್ಕೆ ಎರಡರಷ್ಟು, ಅಂದರೆ 29 ಮೂಟೆ. ಮೊದಲು ನಡುವೆ, ಆಮೇಲೆ ಅಷ್ಟನ್ನೂ ಒಂದೇ ಮಗ್ಗುಲಿಗೆ. ಹಲಗೆಗೆ ನೀರು ತಾಗಿದರೆ ಡ್ರಮ್ಮು ಬಿಚ್ಚಿ ನೋಡಬೇಕು, ಎಲ್ಲೋ ಒಂದು ತೂತಾಗಿರುತ್ತದೆ. ಒಂದು ವರ್ಷ ಹಾಗೇ ಆಗಿ ಎರಡು ಡ್ರಮ್ಮಿನಲ್ಲಿ ಅರ್ಧದಷ್ಟು ನೀರು ಸಿಕ್ಕಿತು. ಮೂಟೆ ಒದ್ದೆಯಾದರೆ ಆ ನಷ್ಟ ಸಮಿತಿಯದು. ಈ ಕೆಲಸ ನೋಡುವುದಕ್ಕೆ ಈಗ ತೆಪ್ಪೋತ್ಸವದಷ್ಟೇ ಮಕ್ಕಳು ಸೇರುತ್ತಾರೆ.

ಮೂರನೆಯದು ಬಿಲ್ಲೆ. ತೆಪ್ಪ ಮತ್ತು ಹರಿಗೋಲು ಹತ್ತುವವರಿಗೆ ಸೋಪಾನದಲ್ಲಿ ಒಂದೊಂದು ತಗಡಿನ ಬಿಲ್ಲೆ, ಇಳಿದಾಗ ವಾಪಸ್ಸು. ಹಾಲಿನ ಕ್ಯಾನು ಎಣಿಸಿ ಲಾರಿಗೆ ಹಾಕುವ ನಮಗೆ ಇದು ಹೊಸದಲ್ಲ. ಹೋದ ಬಿಲ್ಲೆ ಎಷ್ಟು, ಬಂದ ಬಿಲ್ಲೆ ಎಷ್ಟು, ತಾಳೆಯಾದ ಮೇಲೆಯೇ ಕೊಂಬು. ಕೊಂಬು ಕೇಳಿದ ಮೇಲೆಯೇ ಬಾಣ ಬಿರುಸು. 2013ರಲ್ಲಿ ಒಂದು ಬಿಲ್ಲೆ ಕಡಿಮೆ ಬಂದು ಊರೆಲ್ಲ ಗಾಬರಿಯಾಗಿ ಅರ್ಧ ಗಂಟೆ ಕೆರೆ ಜಾಲಾಡಿದೆವು. ನಮ್ಮ ಸಂಘದ ಸದಸ್ಯರೊಬ್ಬರು ಬಿಲ್ಲೆ ಜೇಬಲ್ಲೇ ಇಟ್ಟುಕೊಂಡು ಮನೆಗೆ ಹೋಗಿ ಮಲಗಿದ್ದರು. ಅವರಿಗೆ ಆ ಅಡ್ಡಹೆಸರು ಈಗಲೂ ಹೋಗಿಲ್ಲ. ಓದಿದರೆ ಕೋಪ ಮಾಡಿಕೊಳ್ಳಬಾರದು.

ದೀಪಕ್ಕೆ ಈಗ ಜನರೇಟರ್ ಇಲ್ಲ, ದಡದಿಂದ ವೈರೂ ಇಲ್ಲ. 230 ವೋಲ್ಟು ನೀರಿನ ಮೇಲೆ ಬರಲೇಕೂಡದು ಎಂಬುದು ನಿಯಮ. 12 ವೋಲ್ಟಿನ ಬ್ಯಾಟರಿಗೆ ಎಲ್.ಇ.ಡಿ. ಸರ. ಝಗಝಗ ಸ್ವಲ್ಪ ಕಡಿಮೆ ಎಂದು ಹುಡುಗರಿಗೆ ಬೇಸರ. ಆದರೆ ಬೆಳಕು ಕಡಿಮೆಯಾದಷ್ಟೂ ಗಳದವರಿಗೆ ನೀರು ಕಾಣುತ್ತದೆ. ಗಳ ಹಾಕುವ ಮೂಲೆಗಳಲ್ಲಿ ದೀಪ ಕಟ್ಟುವುದಿಲ್ಲ, ಹಿಂದೆ ಬರುವ ತಾತನ ಮನೆಯ ಹರಿಗೋಲಿಗೂ ದೀಪವಿಲ್ಲ. ಅದರಲ್ಲಿ ಇಬ್ಬರು ಈಜುಗಾರರು, ಹಗ್ಗ, ಗಾಳಿ ತುಂಬಿದ ಟ್ರಾಕ್ಟರ್ ಟ್ಯೂಬು ಇರುತ್ತದೆ. ಏನಾದರೂ ಆದರೆ ನುಗ್ಗಬೇಕಾದ್ದು ಅದು ಮಾತ್ರ, ಮಿಕ್ಕ ಹರಿಗೋಲುಗಳು ಇದ್ದಲ್ಲೇ ನಿಲ್ಲಬೇಕು. ಗುಂಡಿ ಇರುವ ಜಾಗಕ್ಕೆ ಬಿದಿರು ನೆಟ್ಟು ಕೆಂಪು ಬಟ್ಟೆ ಕಟ್ಟುತ್ತೇವೆ. ಸಂಜೆಯ ಹಾಲನ್ನು ಅವತ್ತು ಒಂದು ಗಂಟೆ ಮುಂಚೆ ತೆಗೆದುಕೊಳ್ಳುತ್ತೇವೆ. ಹಸುಗಳಿಗೆ ಅರ್ಥವಾಗುವುದಿಲ್ಲ, ಹಾಲು ಸ್ವಲ್ಪ ಕಡಿಮೆ ಬರುತ್ತದೆ, ಇರಲಿ.

ಇಷ್ಟೆಲ್ಲ ಯಾಕೆ, ಕೆರೆ ತಾನೆ, ಸಮುದ್ರವೇ ಎನ್ನುವವರು ಇಂದಿಗೂ ಇದ್ದಾರೆ. ಅವರಿಗಾಗಿ ನಾಲ್ಕು ಸಂಗತಿ. ಮಲಯಾಳದ ಮಹಾಕವಿ ಕುಮಾರನ್ ಆಶಾನ್ ತೀರಿಕೊಂಡದ್ದು 1924ರ ಜನವರಿಯಲ್ಲಿ, ಮಿತಿಮೀರಿ ಜನ ತುಂಬಿದ್ದ ದೋಣಿ ಮಗುಚಿ. ಸಮುದ್ರದಲ್ಲಲ್ಲ, ಪಲ್ಲನದ ಹಿನ್ನೀರಿನಲ್ಲಿ. 2017ರ ಸಂಕ್ರಾಂತಿಯಂದು ಪಟ್ನಾದಲ್ಲಿ ಗಾಳಿಪಟದ ಹಬ್ಬ ನೋಡಿ ಮರಳುತ್ತಿದ್ದವರ ದೋಣಿ ಗಂಗೆಯಲ್ಲಿ ಮುಳುಗಿ ಇಪ್ಪತ್ತಕ್ಕೂ ಹೆಚ್ಚು ಜನ ಹೋದರು. ನಮ್ಮ ರಾಜ್ಯದ್ದೇ ಹೇಳುವುದಾದರೆ 2019ರ ಜನವರಿ 21ರಂದು ಕಾರವಾರದ ಕೂರ್ಮಗಡದ ನರಸಿಂಹ ಜಾತ್ರೆಯಿಂದ ಬರುತ್ತಿದ್ದ ದೋಣಿ ಮಗುಚಿ 16 ಜನ ತೀರಿಕೊಂಡರು, ಅದರಲ್ಲಿ ಮಕ್ಕಳೂ ಇದ್ದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಭೋಪಾಲದಲ್ಲಿ ಗಣಪತಿ ಬಿಡುವುದಕ್ಕೆ ಎರಡು ದೋಣಿ ಜೋಡಿಸಿಕೊಂಡು ಹೋದವರಲ್ಲಿ 11 ಜನ ಮುಳುಗಿದರು. ಅದು ಕೆರೆ. ಇನ್ನೂ ಇತ್ತೀಚಿನದು 2024ರ ಜನವರಿ, ಗುಜರಾತಿನ ವಡೋದರದ ಕೆರೆಯಲ್ಲಿ ಪ್ರವಾಸಕ್ಕೆ ಬಂದ 12 ಶಾಲಾ ಮಕ್ಕಳು, ಇಬ್ಬರು ಟೀಚರು. ಅದೂ ಕೆರೆಯೇ. ನಾಲ್ಕು ಅಂದವರು ಐದು ಹೇಳಿದೆವು.

ತೆಪ್ಪೋತ್ಸವ ಪ್ರತಿ ವರ್ಷ ನಡೆದೇ ಇದೆ ಎಂದೇನೂ ಇಲ್ಲ. 2016ರಲ್ಲಿ ಬರ, ಕೆರೆಯಲ್ಲಿ ದನ ಮೇಯುತ್ತಿದ್ದವು. ದೇವರನ್ನು ಒಣ ಸೋಪಾನದ ಮೇಲೆ ಕೂರಿಸಿ ದೀಪ ಹಚ್ಚಿದೆವು. ಅದೇ ವರ್ಷ ತಾತ ತೀರಿಕೊಂಡರು. 2020ರಲ್ಲಿ ಕೊರೋನಾ. 2022ರಲ್ಲಿ ನಮ್ಮ ಸೀಮೆಯಲ್ಲೆಲ್ಲ ಮಳೆಯೋ ಮಳೆ, ಕೋಡಿ ನಿಲ್ಲಲೇ ಇಲ್ಲ. ತಾತನ ಮಗ ಗಳ ಇಳಿಸಿ ನೋಡಿ, "ಇವತ್ತು ತೆಪ್ಪ ಬಿಡಾಕಾಗಲ್ಲ ಗೌಡ್ರೇ, ಕೋಡಿ ಎಳೀತದೆ" ಎಂದರು. ಸಾವಿರಾರು ಜನ ಏರಿಯ ಮೇಲೆ ಕಾಯುತ್ತಿದ್ದರು. ಹೊರಗಿನಿಂದ ಅತಿಥಿಗಳು ಬಂದಿದ್ದರು. ದೊಡ್ಡ ದೇಣಿಗೆ ಕೊಟ್ಟವರೊಬ್ಬರು, "ದುಡ್ಡು ಕೊಟ್ಟಿರೋದು ನಾವು" ಎಂದು ಕೂಗಾಡಿದರು. ಸಮಿತಿಯವರು ನಮ್ಮ ಮುಖ ನೋಡಿದರು. ನಾವು ಠರಾವಿನ ಪುಸ್ತಕ ತರಿಸಿ ಓದಿದೆವು. ಕೊನೆಗೆ ಹಳೇ ಕಾಲದ ಹಾಗೆ ಹಗ್ಗ ಕಟ್ಟಿ, ದೇವರು ಮತ್ತು ಅರ್ಚಕರನ್ನು ಮಾತ್ರ ಸೋಪಾನದ ಮುಂದೆ ಹತ್ತು ಮಾರು ಬಿಟ್ಟು ಎಳೆದುಕೊಂಡೆವು. ಆ ದಾನಿಗಳು ಮುಂದಿನ ವರ್ಷ ದೇಣಿಗೆ ಕೊಡಲಿಲ್ಲ. ಆ ಕೊರತೆ ಬೀದಿಗಳವರು ತುಂಬಿಕೊಂಡರು.

ಹುಡುಗರ ಕಡೆಯಿಂದ ಈಗ ಡಿ.ಜೆ. ಬೇಕೆಂಬ ಬೇಡಿಕೆ ಇದೆ. ಏರಿಯ ಮೇಲೆ ಏನಾದರೂ ಹಾಕಿಕೊಳ್ಳಿ, ತೆಪ್ಪ ನೀರಿನಲ್ಲಿರುವಷ್ಟು ಹೊತ್ತು ಮಾತ್ರ ಬೇಡ, ಕೊಂಬು ಕೇಳಿಸಬೇಕು, ಕೂಗಿದರೆ ಕೂಗು ಕೇಳಿಸಬೇಕು ಎಂದು ಹೇಳಿದ್ದೇವೆ. ಇದರ ಬಗ್ಗೆ ವಾರ್ಷಿಕ ಮಹಾಸಭೆಯಲ್ಲಿ ಇನ್ನೂ ಜಗಳ ಮುಗಿದಿಲ್ಲ. ಆಹ್ವಾನ ಪತ್ರಿಕೆಯಲ್ಲಿ ಗಳದವರ ನಾಲ್ಕು ಹೆಸರು ಈಗ ಮೊದಲ ಪುಟದಲ್ಲಿರುತ್ತದೆ. ತಾತ ಇದ್ದಾಗ ಇದು ಆಗಲಿಲ್ಲ ಎಂಬ ಕೊರಗು ನಮ್ಮದು.

ನಮ್ಮ ಮುಂದೆ ಈಗ ಒಂದು ಕಷ್ಟ ಇದೆ. ಬೆಸ್ತರ ಬೀದಿಯ ಹುಡುಗರು ಗಾರ್ಮೆಂಟ್ಸು, ಕಾರ್ಖಾನೆ ಎಂದು ಊರು ಬಿಟ್ಟಿದ್ದಾರೆ. ಗಳ ಹಾಕಬಲ್ಲವರು ಊರಿನಲ್ಲಿ ಆರು ಜನ ಉಳಿದಿದ್ದಾರೆ, ಅವರಲ್ಲಿ ಇಬ್ಬರಿಗೆ ಅರವತ್ತು ದಾಟಿದೆ. ಕಲಿಯಲು ಯಾವ ಬೀದಿಯ ಹುಡುಗರು ಬಂದರೂ ಕಲಿಸುವುದಾಗಿ ತಾತನ ಮಗ ಒಪ್ಪಿದ್ದಾರೆ. ಈಜು ಬರಬೇಕು, ಹದಿನೆಂಟು ತುಂಬಿರಬೇಕು. ಭಾನುವಾರ ಬೆಳಗ್ಗೆ ಹಾಲು ಹಾಕಿದ ಮೇಲೆ ಕೆರೆಯ ಸೋಪಾನದ ಹತ್ತಿರ ಬಂದರೆ ಸಾಕು. ಹೆಸರು ಬರೆಸುವ ಪುಸ್ತಕ ಡೈರಿಯಲ್ಲಿ ಫ್ಯಾಟ್ ನೋಡುವ ಮೆಷೀನಿನ ಪಕ್ಕದಲ್ಲಿ ಇಟ್ಟಿದೆ. ಇದುವರೆಗೆ ಮೂರು ಹೆಸರು ಬಂದಿವೆ. ಅದರಲ್ಲಿ ಒಂದು ನಮ್ಮ ಮಗನದು.